ದರಪಟ್ಟಿಗಿಂತ ಮೊದಲು ಗುಡ್ಡ

ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆಗ ದೂರವಾಣಿ ಕೇಂದ್ರದ ಆಪರೇಟರಿಗೆ ಊರು, ನಂಬರು ಹೇಳಿದರೆ ಸಾಲದು, ಆರ್ಡಿನರಿಯೋ ಅರ್ಜೆಂಟೋ ಎಂಬುದನ್ನೂ ಹೇಳಬೇಕಿತ್ತು. ಅರ್ಜೆಂಟಿಗೆ ದುಪ್ಪಟ್ಟು ದರ, ಲೈಟ್ನಿಂಗ್ ಎಂದರೆ ಎಂಟು ಪಟ್ಟು. ಅವಸರಕ್ಕೆ ಎಷ್ಟು ದುಡ್ಡು ಸುರಿಯಬಹುದು ಎಂಬ ಲೆಕ್ಕವನ್ನು ಕೌಂಟರಿನ ಎದುರೇ ಹಾಕಬೇಕಿತ್ತು. 'ಪ್ಲ್ಯಾನ್' ಎಂಬ ಮಾತು ಆಗ ಹುಟ್ಟಿರಲಿಲ್ಲ. ಕೆಲಸ ಮಾತ್ರ ಅದೇ.

ಇಂದು ಬೆಂಗಳೂರಿನವರು ಮೊಬೈಲ್ ಪ್ಲ್ಯಾನ್ ಆರಿಸುವಾಗ ನೋಡುವುದು ಎರಡೇ ಅಂಕಿ: ಎಷ್ಟು ರೂಪಾಯಿ, ಎಷ್ಟು ಜಿ.ಬಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಲೆಕ್ಕ ಹಿಂದೆಂದೂ ನಡೆದಿಲ್ಲ, ಈಗಲೂ ಪೂರ್ತಿ ನಡೆಯುವುದಿಲ್ಲ. ಇಲ್ಲಿ ಮೊದಲ ಪ್ರಶ್ನೆ ಯಾವ ಕಂಪನಿ ಅಗ್ಗ ಎಂಬುದಲ್ಲ, ಯಾವ ಕಂಪನಿಯ ಟವರು ನಮ್ಮ ಮನೆಯನ್ನು ಕಾಣುತ್ತದೆ ಎಂಬುದು.

ಇದಕ್ಕೆ ಕಾರಣ ನೆಲದ ರಚನೆಯಲ್ಲೇ ಇದೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕೂಡಿದ ಮನೆಗಳು. ಅಲ್ಲಿ ಒಂದು ಟವರು ಎದ್ದರೆ ಊರಿಗೆ ಊರೇ ಮಾತಾಡುತ್ತದೆ. ಮಲೆನಾಡಿನಲ್ಲಿ ಊರೆಂದರೆ ಅಲ್ಲೊಂದು ಇಲ್ಲೊಂದು ಮನೆ. ಅಡಿಕೆ ತೋಟಕ್ಕೆ ನೀರು ಬೇಕು, ನೀರು ಇರುವುದು ತಗ್ಗಿನಲ್ಲಿ, ಮನೆ ಇರುವುದು ತೋಟದ ಅಂಚಿನಲ್ಲಿ. ಹೀಗೆ ತಲೆಮಾರುಗಳ ಹಿಂದೆ ಬಹಳ ವಿವೇಕದಿಂದ ಆರಿಸಿದ ಮನೆಯ ಜಾಗವೇ ರೇಡಿಯೋ ತರಂಗದ ದೃಷ್ಟಿಯಿಂದ ಅತ್ಯಂತ ಕೆಟ್ಟ ಜಾಗವಾಗಿಬಿಟ್ಟಿತು. ಮೊಬೈಲಿನ ತರಂಗ ಬಹುಮಟ್ಟಿಗೆ ಬೆಳಕಿನಂತೆ ನೇರ ಹೋಗುವಂಥದ್ದು. ನಡುವೆ ಗುಡ್ಡ ಬಂದರೆ ಅದರ ಹಿಂದೆ ನೆರಳು. ಕಡಿಮೆ ಆವರ್ತದ ತರಂಗ, ಉದಾಹರಣೆಗೆ 900 ಮೆಗಾಹರ್ಟ್ಸಿನದು, ಸ್ವಲ್ಪ ಬಾಗಿ ಹೆಚ್ಚು ದೂರ ತಲುಪುತ್ತದೆ. 2300ರದು ಅಷ್ಟು ಬಾಗದು. ಆದ್ದರಿಂದಲೇ ಒಂದೇ ಗುಡ್ಡದ ಮೇಲೆ ಎರಡು ಕಂಪನಿಗಳ ಟವರು ಇದ್ದರೂ ಕೆಳಗಿನ ಮನೆಯಲ್ಲಿ ಒಂದು ಸಿಮ್ಮು ಮಾತಾಡುತ್ತದೆ, ಇನ್ನೊಂದು ಮೂಕವಾಗಿರುತ್ತದೆ.

ಇದರ ಮೇಲೆ ನೀರಿನದೂ ಒಂದು ಕಥೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿಯ ಕಣಿವೆಯನ್ನು ಮುಳುಗಿಸಿ, ತುಮರಿಯ ಸುತ್ತಲಿನ ಊರುಗಳನ್ನು ಸಾಗರ ಪಟ್ಟಣದಿಂದ ಬೇರ್ಪಡಿಸಿತು. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯುವವರೆಗೆ ಅಲ್ಲಿಯವರು ಲಾಂಚಿನ ಹೊತ್ತು ನೋಡಿಕೊಂಡೇ ಪೇಟೆಗೆ ಹೊರಡಬೇಕಿತ್ತು. ನಾಡಿಗೆ ವಿದ್ಯುತ್ತು ಕೊಟ್ಟ ಕಣಿವೆಯವರಿಗೆ ಫೋನಿನ ಸಂಪರ್ಕ ತಡವಾಗಿ ಬಂತು ಎಂಬುದನ್ನು ಇಲ್ಲಿಯವರು ಇಂದಿಗೂ ಕಹಿಯಾಗಿಯೇ ಹೇಳುತ್ತಾರೆ. ಅದು ಅನ್ಯಾಯದ ಮಾತೇನಲ್ಲ.

ಹಳ್ಳಿಗೆ ಫೋನು ಬರಲು ದಾರಿ ತೆರೆದದ್ದು ಕರ್ನಾಟಕದಲ್ಲೇ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣ ಬೇಡದ ಸಣ್ಣ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. 128 ಪೋರ್ಟುಗಳ ಆ ಯಂತ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ. ಅಂಥ ಕೇಂದ್ರಗಳು ಕ್ರಮೇಣ ಮಲೆನಾಡಿನ ಹೋಬಳಿಗಳಿಗೂ ಬಂದವು. ಆದರೆ ಕಂಬ ನೆಟ್ಟು ತಂತಿ ಎಳೆದ ಮಾತ್ರಕ್ಕೆ ಆಗಲಿಲ್ಲ; ಜೂನ್ ತಿಂಗಳ ಮೊದಲ ಗಾಳಿಗೆ ಮರ ಬಿದ್ದು ತಂತಿ ಹರಿದರೆ ದೀಪಾವಳಿಯವರೆಗೂ ಫೋನು ಸತ್ತಂತೆ. ಎಸ್‌ಟಿಡಿ ಬೂತುಗಳ ಕಾಲವನ್ನು ಇಲ್ಲಿ ವಿವರಿಸುವುದಿಲ್ಲ. ರಾತ್ರಿ ತಡವಾದಂತೆ ದರ ಅರ್ಧಕ್ಕೂ ಕಾಲಿಗೂ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಸಾಲು ನಿಂತದ್ದನ್ನು ಐವತ್ತು ದಾಟಿದ ಓದುಗರು ಬಲ್ಲರು.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತದಿಂದ ದೆಹಲಿಗೆ ಹೋಯಿತು. ಮಾತಾಡಿದವರು ಜ್ಯೋತಿ ಬಸು ಮತ್ತು ಸುಖರಾಂ. ಆಗ ನಿಮಿಷದ ದರ ಹದಿನಾರು ರೂಪಾಯಿಯವರೆಗೂ ಇತ್ತು, ಬಂದ ಕರೆಗೂ ದುಡ್ಡು ತೆರಬೇಕಿತ್ತು. ಮಲೆನಾಡಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ ಅಷ್ಟೇ. ಚಿತ್ರ ಬದಲಾದದ್ದು ಎರಡು ಘಟನೆಗಳಿಂದ. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಗೆ ಇಳಿಯಿತು. 2003ರ ಮೇ ತಿಂಗಳಿಂದ ಕರೆ ಮಾಡಿದವನೇ ಹಣ ಕೊಡಬೇಕೆಂಬ ನಿಯಮ ಬಂತು.

ಎರಡನೆಯದರ ಮಹತ್ವ ನಮಗೀಗ ಮರೆತೇ ಹೋಗಿದೆ. ಬಂದ ಕರೆ ಪುಕ್ಕಟೆಯಾದ ಮೇಲೆ ಫೋನ್ ಇಟ್ಟುಕೊಳ್ಳಲು ಆದಾಯ ಬೇಕಾಗಲಿಲ್ಲ. ಅಂಗಡಿಯಲ್ಲಿ ಒಮ್ಮೆ 'ಕರೆನ್ಸಿ' ಹಾಕಿಸಿದರೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಮಗ ಬೆಂಗಳೂರಿನಿಂದ ಮಾಡುತ್ತಾನೆ, ಇಲ್ಲಿಂದ ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಮನೆಯಲ್ಲಿ ಸಿಗ್ನಲ್ ಇಲ್ಲದವರು ಕಿಟಕಿಯ ಯಾವ ಸರಳಿಗೆ ಫೋನು ಕಟ್ಟಿದರೆ ಒಂದು ಕಡ್ಡಿ ಬರುತ್ತದೆ ಎಂದು ಹುಡುಕಿ ಅಲ್ಲೇ ತೂಗುಹಾಕಿದರು. 2009ರಲ್ಲಿ ಸೆಕೆಂಡಿಗೆ ಒಂದು ಪೈಸೆ ಬಂದಾಗ ಎರಡು ಸಿಮ್ಮಿನ ಸೆಟ್ಟುಗಳು ಇಲ್ಲಿ ಮನೆಮಾತಾದವು. ಒಂದು ಮನೆಯ ತಗ್ಗಿಗೆ, ಇನ್ನೊಂದು ಪೇಟೆಗೆ. ಒಂದು ಟವರಿನ ಆಸರೆ, ಇನ್ನೊಂದು ದರದ ಅನುಕೂಲ. ಗುಡ್ಡ ಒಡ್ಡಿದ ಸಮಸ್ಯೆಗೆ ಜನ ತಾವೇ ಕಂಡುಕೊಂಡ ಪರಿಹಾರವಿದು. 2011ರ ಜನವರಿಯಲ್ಲಿ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಬಂದಾಗಲೂ ಇಲ್ಲಿಯವರಿಗೆ ಅದು ಅಷ್ಟಾಗಿ ಉಪಯೋಗವಾಗಲಿಲ್ಲ. ಒಂದೇ ಟವರಿನ ಊರಿನಲ್ಲಿ ಬದಲಿಸಿ ಹೋಗುವುದಾದರೂ ಎಲ್ಲಿಗೆ?

ಈ ಪರಿಹಾರಕ್ಕೆ ಪೆಟ್ಟು ಬಿದ್ದದ್ದು 2018ರ ಕೊನೆಯಲ್ಲಿ. ಕನಿಷ್ಠ ರೀಚಾರ್ಜ್ ಮಾಡದಿದ್ದರೆ ಒಳಬರುವ ಕರೆಯೂ ನಿಲ್ಲುವ ಪದ್ಧತಿಯನ್ನು ಖಾಸಗಿ ಕಂಪನಿಗಳು ತಂದವು. ತಿಂಗಳೆಂದರೆ ಇಪ್ಪತ್ತೆಂಟು ದಿನವಾಯಿತು, ವರ್ಷಕ್ಕೆ ಹದಿಮೂರು ತಿಂಗಳಾಯಿತು. ನಗರದವರಿಗೆ ಇದು ಕಿರಿಕಿರಿ. ಎರಡು ಸಿಮ್ಮು ಇಟ್ಟುಕೊಳ್ಳಲೇಬೇಕಾದ ಮನೆಗೆ ಇದು ಇಪ್ಪತ್ತಾರು ರೀಚಾರ್ಜು. ಮಕ್ಕಳು ದೂರದಲ್ಲಿದ್ದು ವೃದ್ಧ ದಂಪತಿಗಳಷ್ಟೇ ಉಳಿದಿರುವ ಒಂಟಿಮನೆಗಳು ಈ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಅಲ್ಲಿ ರೀಚಾರ್ಜು ಮುಗಿದದ್ದು ಗೊತ್ತಾಗುವುದೇ ರಾತ್ರಿ ಯಾರಿಗೋ ಎದೆನೋವು ಬಂದಾಗ.

ಕೊರೊನಾ ಕಾಲದ ನೋಟ ಎಲ್ಲರಿಗೂ ನೆನಪಿದೆ: ಪಾಠ ಕೇಳಲು ಮಕ್ಕಳು ಗುಡ್ಡ ಹತ್ತಿ, ಮಳೆಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಕುಳಿತದ್ದು. ಆ ದಿನಗಳಲ್ಲೇ ಸಾಗರ, ಹೊಸನಗರದ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಅಭಿಯಾನ ಎದ್ದಿತು. ರಸ್ತೆಗಾಗಿ, ಸೇತುವೆಗಾಗಿ ಮತ ಬಹಿಷ್ಕಾರದ ಮಾತು ಕೇಳಿದ್ದೆವು. ಸಿಗ್ನಲ್ಲಿಗಾಗಿ ಕೇಳಿದ್ದು ಹೊಸತು. 2022ರಲ್ಲಿ ಕೇಂದ್ರ ಸಂಪುಟ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಜನವರಿಯಿಂದ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ನೆರವಿನ ಟವರುಗಳನ್ನು ಕಂಪನಿಗಳು ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆಯೂ ಶುರುವಾಗಿದೆ. ಅಂಥ ಟವರಿನ ಅಡಿಯಲ್ಲಿ ಬಿಎಸ್‌ಎನ್‌ಎಲ್ ಸಿಮ್ಮಿನವನೂ ಖಾಸಗಿ ಸಿಮ್ಮಿನವನೂ ಒಟ್ಟಿಗೆ ಮಾತಾಡಬಹುದು. ಮಲೆನಾಡಿನ ದೃಷ್ಟಿಯಿಂದ ಇದು ದರ ಇಳಿಕೆಗಿಂತ ದೊಡ್ಡ ವಿಷಯ ಎಂದೇ ನನ್ನ ಎಣಿಕೆ.

ಹಾಗಾದರೆ ಈಗ ಆರಿಸುವುದು ಹೇಗೆ? 2024ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶಿಸಿದ ಮೇಲೆ ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲ್ಯಾನುಗಳು ಬಂದಿವೆ, ವಾಯಿದೆ ಒಂದು ವರ್ಷದವರೆಗೂ ಇರಬಹುದು. ಅಂತರ್ಜಾಲ ಬೇಡದ ಅಜ್ಜಿಯ ಫೋನಿಗೆ ಇದೇ ಸರಿ. ಹದಿಮೂರು ಬಾರಿ ನೆನಪಿಡುವ ಕಾಟವೂ ತಪ್ಪುತ್ತದೆ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಕೇಳಿ ಹಾಕಿಸಬೇಕು. ಅಜ್ಜಿಯದು ಹಳೆಯ ಬಟನ್ ಸೆಟ್ಟಾಗಿದ್ದರೆ ಅದಕ್ಕೆ 2ಜಿ ಬೇಕು. ಜಿಯೋದಲ್ಲಿ 2ಜಿ ಇಲ್ಲ. ಮನೆಗೆ ಫೈಬರ್ ಬಂದಿದ್ದರೆ ತಗ್ಗಿನ ಮನೆಯಲ್ಲೂ ವೈ-ಫೈ ಮೂಲಕ ಮಾಮೂಲಿ ಕರೆ ಮಾಡಬಹುದು, ಆದರೆ ಸೆಟ್ಟು ಅದಕ್ಕೆ ಒಪ್ಪುವಂಥದ್ದಾಗಿರಬೇಕು. ಕರೆಂಟು ಹೋದಾಗ ರೂಟರೂ ಹೋಗುತ್ತದೆ, ಆಷಾಢದಲ್ಲಿ ಕರೆಂಟು ಎಷ್ಟು ದಿನ ಹೋಗುತ್ತದೆಂದು ತೀರ್ಥಹಳ್ಳಿ ಕಡೆಯವರಿಗೆ ಹೇಳಬೇಕಿಲ್ಲ. ಇನ್ವರ್ಟರಿನ ಒಂದು ಪ್ಲಗ್ಗನ್ನು ಅದಕ್ಕೇ ಬಿಡುವುದು ಒಳಿತು.

ಕಂಪನಿಗಳು ಎಲ್ಲೆಲ್ಲಿ ಸಿಗ್ನಲ್ ಇದೆ ಎಂಬ ನಕ್ಷೆಗಳನ್ನು ಈಗ ಪ್ರಕಟಿಸುತ್ತವೆ. ನಕ್ಷೆಯಲ್ಲಿ ಬಣ್ಣ ಬಳಿದ ಕಡೆಯೆಲ್ಲ ನಿಮ್ಮ ಒಳಮನೆ ಸೇರಿರುವುದಿಲ್ಲ. ಒಮ್ಮೆ ನಂಬರನ್ನು ಬೇರೆ ಕಂಪನಿಗೆ ಒಯ್ದರೆ ತೊಂಬತ್ತು ದಿನ ಅಲ್ಲೇ ಇರಬೇಕು. ಅದಕ್ಕೆ ಮೊದಲು ಆ ಕಂಪನಿಯ ಒಂದು ಸಣ್ಣ ಪ್ರೀಪೇಯ್ಡ್ ಸಿಮ್ಮು ತಂದು ಅಡುಗೆಮನೆಯಲ್ಲಿ, ಜಗಲಿಯಲ್ಲಿ, ತೋಟದ ಕೆಳಗಿನ ಪಂಪಿನ ಹತ್ತಿರ ಮಾತಾಡಿ ನೋಡಬೇಕು. ಅದೂ ಜನವರಿಯ ತಿಳಿ ಬಿಸಿಲಿನಲ್ಲಲ್ಲ, ಜುಲೈ ತಿಂಗಳಲ್ಲಿ, ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿಯುವಷ್ಟು ಹೊತ್ತಾದ ಮೇಲೆ.