ಹಣೆಬರಹದ ಪರೀಕ್ಷೆ

ಮಗ ಸಿಟ್ಟಿನಿಂದ ತಟ್ಟೆ ಎಸೆದರೆ “ತಾತನ ಕೋಪವೇ ಬಂದಿದೆ” ಎಂದು ನಕ್ಕುಬಿಡುವುದು ನಮ್ಮ ಮನೆಗಳ ವಾಡಿಕೆ. ಅದೇ ಮಾತನ್ನು ವೈದ್ಯರು ರಕ್ತ ಪರೀಕ್ಷಿಸಿ ಹೇಳಿದರೆ? ಅಮೆರಿಕದ ಬಾಸ್ಟನ್ ನಗರದ ಕೆಲವು ತಂದೆತಾಯಿಗಳಿಗೆ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು.

ಗಂಡಸಿನ ಜೀವಕೋಶದಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳು ಎರಡು: ಒಂದು ಎಕ್ಸ್, ಒಂದು ವೈ. ಸುಮಾರು ೧,೦೦೦ ಗಂಡುಮಕ್ಕಳಲ್ಲಿ ಒಬ್ಬನಿಗೆ ವೈ ಎರಡಿರುತ್ತದೆ. ೧೯೬೫ರಲ್ಲಿ ಪೆಟ್ರಿಷಿಯಾ ಜೇಕಬ್ಸ್ ಮತ್ತು ಸಂಗಡಿಗರು, ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಅಪಾಯಕಾರಿಗಳೆಂದು ಕಾವಲಿನಲ್ಲಿಟ್ಟಿದ್ದ ೧೯೭ ಮಂದಿಯನ್ನು ಪರೀಕ್ಷಿಸಿದಾಗ ಇಂಥವರು ೭ ಮಂದಿ ಸಿಕ್ಕರು. ಪತ್ರಿಕೆಗಳಿಗೆ ಇಷ್ಟೇ ಸಾಕಾಯಿತು. ಷಿಕಾಗೋ ನಗರದಲ್ಲಿ ೮ ಯುವತಿಯರನ್ನು ಕೊಂದ ರಿಚರ್ಡ್ ಸ್ಪೆಕ್‌ನಿಗೂ ಎರಡು ವೈ ಉಂಟೆಂದು ೧೯೬೮ರಲ್ಲಿ ಅಚ್ಚಾಯಿತು. ಅದು ಸುಳ್ಳು, ಅವನಲ್ಲಿದ್ದದ್ದು ಒಂದೇ.

ಅದೇ ವರ್ಷ ಹಾರ್ವರ್ಡಿನ ಮನೋವೈದ್ಯ ಸ್ಟ್ಯಾನ್ಲಿ ವಾಲ್ಜರ್, ತಳಿವಿಜ್ಞಾನಿ ಪಾರ್ಕ್ ಜೆರಾಲ್ಡ್ ಇಬ್ಬರೂ ಬಾಸ್ಟನ್ನಿನ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಗಂಡುಶಿಶುಗಳನ್ನು ಪರೀಕ್ಷಿಸತೊಡಗಿದರು. ಇಂಥ ಮಕ್ಕಳ ಬೆಳವಣಿಗೆಯನ್ನು ಗಮನಿಸಬೇಕು, ತೊಡಕು ಕಂಡರೆ ನೆರವಾಗಬೇಕು ಎಂಬುದು ಅವರ ಉದ್ದೇಶ. ಅದರಲ್ಲಿ ಕೇಡೇನೂ ಇರಲಿಲ್ಲ.

ಆದರೆ ತಾಯಿಗೆ ಹೇಳುವುದೇನು? ಹೇಳದಿದ್ದರೆ ಅದು ವಂಚನೆ. ಹೇಳಿದರೆ, ಪತ್ರಿಕೆಯಲ್ಲಿ ಕಂಡ ಕೊಲೆಗಾರನೇ ಆಕೆಯ ಕಣ್ಣಿಗೆ ತೊಟ್ಟಿಲಲ್ಲಿ ಕಾಣಬಹುದು. ಎರಡು ವರ್ಷದ ಹುಡುಗ ತಂಗಿಯನ್ನು ತಳ್ಳಿದರೆ ಅದು ಎಲ್ಲ ಮಕ್ಕಳ ತುಂಟತನವೋ, ಆ ಹೆಚ್ಚಿನ ವೈ ಮಾಡಿಸಿದ್ದೋ? ತಂದೆ ಗದರಿಸಬೇಕೋ, ಬಾರದೋ? ಹೀಗೆ ಅಂಜಿ ಅಂಜಿ ನೋಡುವ ಕಣ್ಣುಗಳ ನಡುವೆ ಬೆಳೆದವನು ಮುಂದೆ ಒರಟನಾದರೆ ಕಾರಣ ರಕ್ತವೋ ಮನೆಯೋ ಎಂದು ಯಾವ ಪಂಡಿತ ಬಿಡಿಸಿ ಹೇಳಿಯಾನು? ೧೯೭೪ರಲ್ಲಿ ಜೊನಾಥನ್ ಬೆಕ್‌ವಿತ್, ಜೊನಾಥನ್ ಕಿಂಗ್ ಎಂಬ ವಿಜ್ಞಾನಿಗಳು ಎತ್ತಿದ ಆಕ್ಷೇಪಣೆಯ ತಿರುಳು ಇದೇ. ಹೆರಿಗೆಗೆಂದು ಬಂದವಳಿಂದ ಒಪ್ಪಿಗೆ ಪಡೆಯುವ ರೀತಿಯನ್ನೂ ಅವರ ಪಕ್ಷದವರು ಖಂಡಿಸಿದರು. ನನಗಂತೂ ಅದು ನ್ಯಾಯವಾದ ಮಾತೆಂದೇ ತೋರುತ್ತದೆ.

೧೯೭೫ರಲ್ಲಿ ಹಾರ್ವರ್ಡಿನ ವೈದ್ಯಕೀಯ ಅಧ್ಯಾಪಕರು ಬಹುಮತದಿಂದ ವಾಲ್ಜರರ ಪಕ್ಷ ವಹಿಸಿದರು. ಆದರೂ ಟೀಕೆ, ಬೆದರಿಕೆಗಳಿಂದ ಬೇಸತ್ತು ಅವರು ಅದೇ ವರ್ಷ ಹೊಸ ಶಿಶುಗಳ ಪರೀಕ್ಷೆಯನ್ನು ನಿಲ್ಲಿಸಿದರು. ಆಗಲೇ ಗುರುತಿಸಿದ್ದ ಮಕ್ಕಳನ್ನು ಮಾತ್ರ ಕೈಬಿಡಲಿಲ್ಲ.

ಮರುವರ್ಷ ಡೆನ್ಮಾರ್ಕಿನ ಸಂಶೋಧನೆಯೊಂದು ಪ್ರಕಟವಾಯಿತು. ಅಲ್ಲಿ ಪರೀಕ್ಷಿಸಿದ ೪,೧೩೯ ಎತ್ತರದ ಗಂಡಸರಲ್ಲಿ ಎರಡು ವೈ ಇದ್ದವರು ೧೨ ಮಂದಿ. ಅವರಲ್ಲಿ ೫ ಮಂದಿಗೆ ಶಿಕ್ಷೆಯಾಗಿದ್ದುದು ನಿಜ, ಆದರೆ ಬಹುಮಟ್ಟಿಗೆ ಸಣ್ಣಪುಟ್ಟ ಅಪರಾಧಗಳಿಗೆ; ವಿಶೇಷ ಹಿಂಸಾಪ್ರವೃತ್ತಿಗೆ ಆಧಾರ ಸಿಗಲಿಲ್ಲ. ಬಾಸ್ಟನ್ನಿನ ಹುಡುಗರಲ್ಲಿ ಹಲವರಿಗೆ ತೊಡಕಾದದ್ದು ಮಾತು ಕಲಿಯುವುದರಲ್ಲಿ, ಓದುವುದರಲ್ಲಿ.