ಸುಂಕದಕಟ್ಟೆಯಲ್ಲಿ ತಡೆದು ನಿಂತ ಸೂಚನೆ: ಡೀಬಗರ್‌ಗಳ ಮಿತಿ ಕುರಿತು

ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರಿನಲ್ಲೇ ಒಂದು ಕೆಲಸವಿದೆ: ಬಂದ ಸರಕನ್ನು ನಿಲ್ಲಿಸಿ, ಲೆಕ್ಕ ಬರೆದು, ಮುಂದೆ ಬಿಡುವುದು. ಜಿಡಿಬಿ ಡೀಬಗರಿನ ‘ರೆಕಾರ್ಡ್’ ಸೌಲಭ್ಯ ಮಾಡುವುದೂ ಇದನ್ನೇ. 2009ರ 7.0 ಆವೃತ್ತಿಯಲ್ಲಿ ಬಂದ ಈ ಸೌಲಭ್ಯದಿಂದ ಪ್ರೋಗ್ರಾಮನ್ನು ಹಿಂದಕ್ಕೂ ನಡೆಸಬಹುದು. ಅದಕ್ಕಾಗಿ ಪ್ರತಿ ಯಂತ್ರಸೂಚನೆ ಓಡುವ ಮೊದಲೇ ಅದು ಯಾವ ರಿಜಿಸ್ಟರನ್ನು, ಎಲ್ಲಿಯ ಮೆಮೊರಿಯನ್ನು ಬದಲಿಸಲಿದೆ ಎಂದು ತಿಳಿದು ಹಳೆಯ ಮೌಲ್ಯವನ್ನು ಬರೆದಿಡಬೇಕು. ಸೂಚನೆಯ ಗುರುತೇ ಸಿಗದಿದ್ದರೆ ಏನನ್ನು ಬರೆದಿಡುವುದು? ಅಲ್ಲಿಗೆ ಕೆಲಸ ನಿಲ್ಲುತ್ತದೆ.

ಒಂದೇ ಸಲ ಹಲವು ಸಂಖ್ಯೆಗಳ ಮೇಲೆ ಕೆಲಸ ಮಾಡುವ ಎವಿಎಕ್ಸ್ ಸೂಚನೆಗಳು 2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳೊಂದಿಗೆ ಬಂದವು. ಅವುಗಳಲ್ಲಿ ಬಹುಪಾಲಿನ ಮೊದಲ ಬೈಟ್ ಹೆಕ್ಸ್ ಸಿ4 ಅಥವಾ ಸಿ5. ಒಂದೇ ಒಂದು ‘ಪ್ರಿಂಟ್‌ಎಫ್’ ಇರುವ ಪುಟ್ಟ ಸಿ ಪ್ರೋಗ್ರಾಮನ್ನು ರೆಕಾರ್ಡ್ ಮಾಡಹೊರಟವರಿಗೂ ‘ಸಿ5 ಸೂಚನೆಗೆ ಬೆಂಬಲವಿಲ್ಲ’ ಎಂಬ ಉತ್ತರ ಬಂದದ್ದುಂಟು. ಬರೆದವರು ಎವಿಎಕ್ಸ್ ಮುಟ್ಟಿರಲೇ ಇಲ್ಲ. ಲೈಬ್ರರಿಯ ಫಂಕ್ಷನ್ನಿನ ವಿಳಾಸವನ್ನು ಮೊದಲ ಕರೆಯಲ್ಲಿ ಹುಡುಕಿಕೊಡುವ ಡೈನಾಮಿಕ್ ಲಿಂಕರ್, ಆ ಹೊತ್ತಿಗೆ ಅಗಲವಾದ ರಿಜಿಸ್ಟರ್‌ಗಳನ್ನು ಕಾಪಾಡಲು ಎವಿಎಕ್ಸ್ ಬಳಸಿತ್ತು. ‘ಎಲ್‌ಡಿ_ಬೈಂಡ್_ನೌ’ ಎಂಬ ಪರಿಸರ ಚರಾಂಶಕ್ಕೆ 1 ಎಂದು ಕೊಟ್ಟರೆ ವಿಳಾಸಗಳೆಲ್ಲ ಆರಂಭದಲ್ಲೇ ಗೊತ್ತಾಗಿ, ಈ ತಡೆ ತಪ್ಪುತ್ತದೆ.

ಮೆಮೊರಿ ದೋಷಗಳನ್ನು ಹುಡುಕಲು ಬಳಸುವ ವ್ಯಾಲ್‌ಗ್ರಿಂಡ್ ತಡವರಿಸುವ ರೀತಿಯೇ ಬೇರೆ. ಅದು ಯಂತ್ರಸೂಚನೆಗಳನ್ನು ತನ್ನದೇ ಮಧ್ಯಂತರ ಭಾಷೆಗೆ ಅನುವಾದಿಸಿ ಓಡಿಸುತ್ತದೆ. ‘ನಿನಗೇನು ಬರುತ್ತದೆ?’ ಎಂದು ಪ್ರೋಗ್ರಾಮ್ ಸಿಪಿಯುಐಡಿ ಸೂಚನೆಯ ಮೂಲಕ ಪ್ರೊಸೆಸರನ್ನು ಕೇಳಿದಾಗ ಉತ್ತರಿಸುವುದೂ ವ್ಯಾಲ್‌ಗ್ರಿಂಡೇ, ತನಗೆ ಬರುವಷ್ಟನ್ನು ಮಾತ್ರ. ಹೀಗಾಗಿ ಕೇಳಿ ನಡೆಯುವ ಪ್ರೋಗ್ರಾಮ್ ಪಾರಾಗುತ್ತದೆ. ಕೇಳದೆ, ಕಂಪೈಲ್ ಮಾಡಿದ ಯಂತ್ರಕ್ಕೇ ಹೊಂದಿಸಿದ್ದು ‘ಸಿಗ್‌ಇಲ್’ (ಅಮಾನ್ಯ ಸೂಚನೆ) ಸಂಕೇತ ಪಡೆದು ಸಾಯುತ್ತದೆ. ರೆಕಾರ್ಡ್ ಮಾಡುವ ಜಿಡಿಬಿಯಲ್ಲಾದರೋ ಉತ್ತರ ಕೊಡುವುದು ನಿಜವಾದ ಪ್ರೊಸೆಸರ್; ಅದಕ್ಕೆ ಬರುವುದೆಲ್ಲ ಜಿಡಿಬಿಗೆ ತಿಳಿದಿರಬೇಕೆಂದಿಲ್ಲ. ನನ್ನ ದೃಷ್ಟಿಯಲ್ಲಿ ಈ ಎರಡರ ವ್ಯತ್ಯಾಸವೇ ಇಡೀ ಸಮಸ್ಯೆಯ ತಿರುಳು; ಇದನ್ನರಿಯದೆ ಎಷ್ಟೋ ಹೊಸಬರು ತಮ್ಮ ಕೋಡನ್ನೇ ಶಂಕಿಸಿ ದಿನಗಳನ್ನು ಕಳೆಯುತ್ತಾರೆ.

ಎವಿಎಕ್ಸ್ ವ್ಯಾಲ್‌ಗ್ರಿಂಡ್ ಸೇರಿದ್ದು 2012ರ 3.8.0 ಆವೃತ್ತಿಯಲ್ಲಿ. ಎವಿಎಕ್ಸ್2 ಮಾತ್ರ ಅದನ್ನು ಬಲ್ಲ ಪ್ರೊಸೆಸರ್ ಬಂದ ವರ್ಷವೇ, 2013ರ 3.9.0ರಲ್ಲಿ ಸೇರಿತು. ಹೆಕ್ಸ್ 62ರಿಂದ ಆರಂಭವಾಗುವ ಎವಿಎಕ್ಸ್-512 ಬಹುಕಾಲ ಹೊರಗೇ ಉಳಿಯಿತು. ತಿಳಿಯದ ಸೂಚನೆಯನ್ನು ಊಹಿಸಿ ಮುಂದೆ ಬಿಟ್ಟರೆ ಸುಳ್ಳು ಲೆಕ್ಕ ಹುಟ್ಟುತ್ತದೆ. ಆದ್ದರಿಂದ ನಿಲ್ಲುವುದೇ ಸರಿ. ಬೆಳೆಯಬೇಕಾದದ್ದು ಈ ಸಾಧನಗಳು ಬಲ್ಲ ಸೂಚನೆಗಳ ಪಟ್ಟಿ.

ಆರು ಕೋರ್‌ಗಳ ಝಿಯಾನ್ 7400 ಪ್ರೊಸೆಸರನ್ನು 2008ರಲ್ಲಿ ವಿನ್ಯಾಸ ಮಾಡಿಕೊಟ್ಟದ್ದು ಇಂಟೆಲ್‌ನ ಬೆಂಗಳೂರು ಕೇಂದ್ರ. ಚಿಪ್ ಬಲ್ಲ ಈ ಊರಿನ ಎಂಜಿನಿಯರುಗಳು ಆ ಪಟ್ಟಿಯನ್ನು ಬೆಳೆಸುವುದಕ್ಕೂ ಕೈಹಾಕಬೇಕು. ಜಿಡಿಬಿ, ವ್ಯಾಲ್‌ಗ್ರಿಂಡ್ ಎರಡರ ಸೋರ್ಸ್ ಕೋಡೂ ಎಲ್ಲರಿಗೂ ತೆರೆದಿದೆ.