ಇಂಗ್ಲಿಷಿನ ‘ನೀನು’ ಎಲ್ಲಿ ಹೋಯಿತು?

‘ಹಿ ಈಸ್’, ‘ಶಿ ಈಸ್’ ಎಂದು ಕಲಿತ ಮಕ್ಕಳಿಗೆ ‘ಯೂ ಆರ್’ ಒಗಟಾಗಿ ಕಾಣುತ್ತದೆ. ಎದುರಿಗಿರುವವನು ಒಬ್ಬನೇ, ಕ್ರಿಯಾಪದ ಮಾತ್ರ ಬಹುವಚನದ್ದು! ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

ಹಿಂದೆ ಇಂಗ್ಲಿಷಿನಲ್ಲೂ ನಮ್ಮ ಹಾಗೆ ಎರಡು ಪದಗಳಿದ್ದವು. ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’. ಇವು ಕರ್ತೃಪದಗಳು. ‘ನಿನ್ನನ್ನು’ ಎನ್ನಲು ‘ದೀ’, ‘ನಿಮ್ಮನ್ನು’ ಎನ್ನಲು ‘ಯೂ’. ಅಂದರೆ ‘ಯೂ’ ಮೂಲತಃ ಬಹುವಚನ, ಅದೂ ಕರ್ಮಸ್ಥಾನದಲ್ಲಿ ಬರುವ ಪದ. 1611ರ ಇಂಗ್ಲಿಷ್ ಬೈಬಲಿನಲ್ಲಿ ಈ ವ್ಯತ್ಯಾಸ ಇಂದಿಗೂ ಕಾಣುತ್ತದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಫ್ರೆಂಚ್ ಅರಮನೆಯ ಭಾಷೆಯಾಯಿತು. ದೊಡ್ಡವರನ್ನು ಬಹುವಚನದಿಂದ ಕರೆಯುವ ಫ್ರೆಂಚ್ ಪದ್ಧತಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೂ ಬಂತು. ‘ದೌ’ ಆಪ್ತರಿಗೆ, ಮಕ್ಕಳಿಗೆ, ಆಳುಗಳಿಗೆ ಮತ್ತು ದೇವರಿಗೆ ಉಳಿಯಿತು. ಸರಿಸಮಾನರಿಗೆ ಅಂದರೆ ಅವಮಾನ. 1603ರಲ್ಲಿ ವಾಲ್ಟರ್ ರಾಲಿಯ ವಿಚಾರಣೆಯಲ್ಲಿ ಸರಕಾರಿ ವಕೀಲ ಎಡ್ವರ್ಡ್ ಕೋಕ್ ಬೇಕೆಂದೇ ‘ದೌ’ ಎಂದು ಆತನನ್ನು ಹೀಯಾಳಿಸಿದ.

ಮುಂದೆ ಜಾರ್ಜ್ ಫಾಕ್ಸ್ ಮತ್ತು ಆತನ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರು ಎಂದು ಅಧಿಕಾರಿಗಳನ್ನೂ ‘ದೌ’ ಎಂದೇ ಕರೆದರು. ಇದಕ್ಕಾಗಿ ಪೆಟ್ಟು ತಿಂದರು. ಉಪಾಧ್ಯಾಯರಿಗೆ ಏಕವಚನ, ಬಹುವಚನ ಕಲಿಸಲೆಂದು, ಹಲವು ಭಾಷೆಗಳ ಉದಾಹರಣೆ ಕೊಟ್ಟು 1660ರಲ್ಲಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು!

ಜನಸಾಮಾನ್ಯರು ಹಿಡಿದದ್ದು ಬೇರೆ ದಾರಿ. ಯಾರಿಗೂ ಬೇಸರವಾಗಬಾರದೆಂದು ಎಲ್ಲರನ್ನೂ ‘ಯೂ’ ಎನ್ನತೊಡಗಿದರು. ‘ಯೂ’ ಅಷ್ಟರಲ್ಲೇ ‘ಯೀ’ಯನ್ನು ತಳ್ಳಿ ಕರ್ತೃಸ್ಥಾನಕ್ಕೂ ಬಂದಿತ್ತು. 17ನೇ ಶತಮಾನದ ಕೊನೆಗೆ ‘ದೌ’ ಲಂಡನ್ನಿನ ದಿನಬಳಕೆಯಿಂದ ಮರೆಯಾಯಿತು. ಪ್ರಾರ್ಥನೆ, ಕವಿತೆ, ಯಾರ್ಕ್‌ಷೈರ್‌ನಂಥ ಕಡೆಯ ಆಡುನುಡಿಗಳಲ್ಲಿ ಉಳಿಯಿತು. ಹಳೆಯ ಬಹುವಚನದ ಗುರುತಾಗಿ ‘ಆರ್’ ಮಾತ್ರ ‘ಯೂ’ ಜೊತೆಗೇ ನಿಂತಿತು.

ಕ್ವೇಕರರು ಎಲ್ಲರನ್ನೂ ‘ನೀನು’ ಎಂದು ಸಮಾನರಾಗಿಸಲು ಹೊರಟರು. ಜನರು ಎಲ್ಲರನ್ನೂ ‘ನೀವು’ ಎಂದು ಸಮಾನರಾಗಿಸಿದರು. ಗೆದ್ದದ್ದು ಎರಡನೆಯದು.

ನಮ್ಮ ಕಾಸರಗೋಡಿನ ಮಕ್ಕಳಿಗೆ ಈ ಪಾಠ ಕಷ್ಟವಲ್ಲ. ಕನ್ನಡದ ‘ನೀನು, ನೀವು’ ಅವರ ನಾಲಗೆಯಲ್ಲಿದೆ. ತುಳುವಿನಲ್ಲಂತೂ ‘ಈ’, ‘ಈರ್’, ‘ನಿಕುಲು’ ಎಂದು ಮೂರಿವೆ. ಆದ್ದರಿಂದ ‘ಯೂ’ ಇರುವ ವಾಕ್ಯವನ್ನು ಕನ್ನಡಕ್ಕೆ ತರುವಾಗ ಮಕ್ಕಳು ಮೊದಲು ಕೇಳಬೇಕಾದದ್ದು: ಯಾರು ಯಾರೊಡನೆ ಮಾತನಾಡುತ್ತಿದ್ದಾರೆ? ಇಂಗ್ಲಿಷ್ ಕಳೆದುಕೊಂಡ ಆ ವ್ಯತ್ಯಾಸವನ್ನು ತುಂಬಿಕೊಡುವುದು ಅವರ ಮನೆಮಾತೇ.